ಒಂದು ದ್ವೀಪದ ಮೇಲಿನ ಹೊಟ್ಟೆಕಿಚ್ಚು

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾನು ನೆನೆದು ತೊಪ್ಪೆಯಾಗಿ ತರಗತಿಯ ಬಾಗಿಲಲ್ಲಿ ನಿಂತು "ಹೊರಗೆ ಮಳೆ" ಎಂದರೂ ಯಾರಾದರೊಬ್ಬ ಎದ್ದು ಕಿಟಕಿಯಿಂದ ಕೈಚಾಚಿ ನೋಡುತ್ತಾನೆ. ನನ್ನ ಮಾತಿಗೆ ನಮ್ಮ ಶಾಲೆಯಲ್ಲಿ ಇರುವ ಬೆಲೆ ಅಷ್ಟು. ಆದರೂ ಹೇಳಿಯೇ ಬಿಡುತ್ತೇನೆ: ನನಗೆ ಒಂದು ದ್ವೀಪದ ಮೇಲೆ ಹೊಟ್ಟೆಕಿಚ್ಚು.

ಮನುಷ್ಯ ಮನುಷ್ಯನ ಮೇಲೆ ಕರುಬುವುದು ವಾಡಿಕೆ. ಪಕ್ಕದವನ ಎತ್ತು, ಭಾವಮೈದುನನ ಕೈಗಡಿಯಾರ, ದಾಯಾದಿಯ ಬಾವಿಯಲ್ಲಿ ಬಿದ್ದ ನೀರು, ಇವಕ್ಕೆಲ್ಲ ಹೊಟ್ಟೆ ಉರಿಸಿಕೊಳ್ಳಲು ಹಿರಿಯರೇ ದಾರಿ ಹಾಕಿಕೊಟ್ಟಿದ್ದಾರೆ. ಆದರೆ ಸಮುದ್ರದ ನಡುವಿನ ಬಂಡೆಯೊಂದರ ಮೇಲೆ ಕರುಬಿದವನು ನಂದಿಬೆಟ್ಟದ ಕೆಳಗಿನ ವಿಜಯಪುರದ ಸುತ್ತ ಹತ್ತು ಹಳ್ಳಿಗೆ ನಾನೊಬ್ಬನೇ ಇರಬೇಕು. ಅದೂ ಎಂಥ ದ್ವೀಪ! ಸ್ಕಾಟ್ಲೆಂಡಿನಿಂದಲೂ ಆಚೆ, ಭೂಪಟದಲ್ಲಿ ಹೇನಿನ ಸೀರಿನಷ್ಟು ಚುಕ್ಕೆ. ನಮ್ಮ ಶಾಲೆಯ ಭೂಪಟದ ಆ ಭಾಗದಲ್ಲಿ ನೊಣಗಳು ಬೇರೆ ಬಹಳ ವರ್ಷದಿಂದ ಕೂತು ಎದ್ದಿವೆ. ಯಾವುದು ದ್ವೀಪ, ಯಾವುದು ನೊಣದ ಕೊಡುಗೆ ಎಂದು ಹೇಳಲು ಮೇಷ್ಟ್ರಿಗೂ ಧೈರ್ಯವಿಲ್ಲ.

ಈ ದ್ವೀಪವನ್ನು ನಮ್ಮ ತರಗತಿಗೆ ಹೊತ್ತು ತಂದವನು ಚಂದ್ರಶೇಖರ. ಅವನ ಮನೆಯವರು ಮೊದಲು ನಮ್ಮ ಹಳ್ಳಿಯಲ್ಲೇ, ನಮ್ಮ ಪಕ್ಕದ ಮನೆಯಲ್ಲೇ ಇದ್ದವರು. ಅವನಿಗೆ ಆರು ವರ್ಷವಾದಾಗ ವಿಜಯಪುರಕ್ಕೆ ಹೋಗಿ ರೇಷ್ಮೆ ನೂಲು ತೆಗೆಯುವ ಕೆಲಸ ಹಿಡಿದರು, ಚೆನ್ನಾಗಿ ಬಾಳಿದರು. ನಾನು ದಿನಾ ಐದು ಮೈಲಿ ನಡೆದು ಅಲ್ಲಿನ ಶಾಲೆಗೆ ಬರುತ್ತೇನೆ. (ಎರಡೂವರೆ ಮೈಲಿ. ವಾಪಸು ಹೋಗುವುದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.) ಚಂದ್ರಶೇಖರ ಮನೆಯಲ್ಲಿ ಗಂಟೆಯ ಸದ್ದು ಕೇಳಿಸಿಕೊಂಡು, ಬಾಯಲ್ಲಿನ ದೋಸೆ ನುಂಗಿ, ಆಮೇಲೆ ಹೊರಟರೂ ನನಗಿಂತ ಮುಂಚೆ ಬಂದಿರುತ್ತಾನೆ.

ನಮ್ಮ ಇಂಗ್ಲಿಷ್ ಮೇಷ್ಟ್ರು ಅವನಿಗೆ ಯಾವುದೋ ಹಳೆಯ ಇಂಗ್ಲಿಷ್ ಮಾಸಪತ್ರಿಕೆ ಓದಲು ಕೊಟ್ಟಿದ್ದರು. ಅದರಲ್ಲಿ ಒಬ್ಬ ಪುಣ್ಯಾತ್ಮ ಆ ದ್ವೀಪದ ಹಳೆಯ ಜನಗಣತಿಯ ಕಾಗದಗಳನ್ನೆಲ್ಲ ಸಾಲಾಗಿ ಹರಡಿಕೊಂಡು ಕೂತಿದ್ದನಂತೆ. ಹತ್ತು ಹತ್ತು ವರ್ಷಕ್ಕೊಂದು ಪಟ್ಟಿ. ಈ ಪಟ್ಟಿಯ ಕೂಸು ಮುಂದಿನ ಪಟ್ಟಿಯಲ್ಲಿ ಹುಡುಗಿ, ಅದರ ಮುಂದಿನದರಲ್ಲಿ ಪಕ್ಕದ ಮನೆಯ ಸೊಸೆ, ಆಮೇಲೆ ಒಂಟಿ ಮುದುಕಿ, ಆಮೇಲೆ ಆ ಮನೆಯೇ ಪಟ್ಟಿಯಲ್ಲಿಲ್ಲ. ಹೀಗೆ ಮನೆಗಳು ಒಂದೊಂದಾಗಿ ಅಳಿಸಿಹೋಗಿ, ಕೊನೆಗೆ ಉಳಿದ ಬೆರಳೆಣಿಕೆಯ ಜನ ಒಂದು ಬೆಳಗ್ಗೆ ಒಲೆ ಆರಿಸಿ, ಹಡಗು ಹತ್ತಿ ಹೊರಟುಹೋದರಂತೆ. ಚಂದ್ರಶೇಖರ ಇದನ್ನು ದನಿ ತಗ್ಗಿಸಿ ಹೇಳಿದ. "ಒಲೆ ಆರಿಸಿ" ಎನ್ನುವಾಗ ತನ್ನ ಮನೆಯ ಒಲೆಯೇ ಆರಿದಂತೆ ಮುಖ ಮಾಡಿದ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಮಹಾರಾಜರು ಶಾಲು ಹೊದೆಸಿದ ಹಾಗೆ. ನನಗಾಗಿ ಆ ಕನ್ನಡಕ ಒಮ್ಮೆಯೂ ಮೂಗಿನಿಂದ ಇಳಿದಿರಲಿಲ್ಲ.

"ಮುಂದಿನ ತಿಂಗಳು ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರೆ. ಅವರ ಮುಂದೆ ಒಬ್ಬನೇ ಹುಡುಗ ಮಾತಾಡೋದು. ಇದಕ್ಕಿಂತ ಚೆನ್ನಾಗಿರೋದು ಯಾರಾದ್ರೂ ತಂದ್ರೆ ನೋಡೋಣ. ಇಲ್ದಿದ್ರೆ ಚಂದ್ರಶೇಖರನೇ" ಎಂದರು ಮೇಷ್ಟ್ರು.

ಆ ಜಾಗ ನನ್ನದು ಎಂದು ಮನಸ್ಸಿನಲ್ಲೇ ನಾನು ಎಂದೋ ಕಾಯ್ದಿರಿಸಿಕೊಂಡಿದ್ದೆ. ಮಾತಾಡುವುದೊಂದನ್ನು ಬಿಟ್ಟರೆ ನನಗೆ ಬರುವುದಾದರೂ ಏನು? ಹೊರಗೆ ಬಂದ ಮೇಲೆ ಚಂದ್ರಶೇಖರ ನನ್ನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರ್ ಮಾಡ್ಕೋಬೇಡ ಕಣೋ ತಿಪ್ಪ. ನಿಮ್ಮೂರಲ್ಲಿ ಹೇಳೋಕೇನೈತೆ? ಹಿಪ್ಪನೇರಳೆ ಸೊಪ್ಪು, ಹುಳ. ಹುಳ, ಸೊಪ್ಪು."

"ನಿಮ್ಮೂರೂ ಅದೇ ಅಲ್ವೇನ್ಲಾ?"

"ನಾನು ಬಿಟ್ಟು ಎಷ್ಟ್ ವರ್ಷ ಆಯ್ತು! ನಾನು ಹಡಗು ಹತ್ತಿದೋನು ಕಣೋ."

ಅವತ್ತು ಮನೆಗೆ ನಡೆದು ಬರುವಾಗ ನಾನು ಕಾಲಲ್ಲಿ ಒದ್ದ ಕಲ್ಲುಗಳನ್ನು ಕೂಡಿಹಾಕಿದ್ದರೆ ಇನ್ನೊಂದು ನಂದಿಬೆಟ್ಟವಾಗುತ್ತಿತ್ತು. ಹಾಗೆ ಒದೆಯುತ್ತ ಬಂದವನಿಗೆ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಮ್ಮಣ್ಣಿನಿಂದ ಬರೆದ ನಂಬರು ಕಂಡಿತು. ಸಾವಿರದ ಒಂಬೈನೂರ ನಲವತ್ತೊಂದರ ಖಾನೇಷುಮಾರಿ ಆಗ ತಾನೇ ಮುಗಿದಿತ್ತು. ಖಾನೇಷುಮಾರಿ ಎಂದರೆ ಜನಗಣತಿಯೇ. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಇದನ್ನು ನನಗೆ ಹೇಳಿದವರು ನಮ್ಮೂರ ಶ್ಯಾನುಭೋಗರು. ನಾನು ಇತರರಿಗೆ ಹೇಳುವಾಗ ಪಾರಸಿಯನ್ನು ಓದಿಯೇ ಬಲ್ಲವನಂತೆ ಹೇಳುತ್ತೇನೆ. ಸ್ಕಾಟ್ಲೆಂಡಿನವರಿಗೆ ಹಳೆಯ ಪಟ್ಟಿ ಇರುವುದಾದರೆ ನಮಗೂ ಇರಬೇಕಲ್ಲ!

ಶ್ಯಾನುಭೋಗರಿಗೆ ಕಣ್ಣು ಮಂಜು. ಸಂಜೆ ಅವರ ಜಗಲಿಯಲ್ಲಿ ಕೂತು ಪತ್ರಿಕೆಯಿಂದ ಯುದ್ಧದ ಸುದ್ದಿ ಓದಿಹೇಳುವವನು ನಾನೇ. ನಾನು ಓದುವಾಗ ಯುದ್ಧ ಸ್ವಲ್ಪ ಜೋರಾಗಿಯೇ ನಡೆಯುತ್ತಿತ್ತು. ಪತ್ರಿಕೆಯಲ್ಲಿ ಒಂದು ಹಡಗು ಮುಳುಗಿದರೆ ನಮ್ಮ ಜಗಲಿಯಲ್ಲಿ ಮೂರು ಮುಳುಗುತ್ತಿದ್ದವು. ಹಾಗಾಗಿ ನನ್ನ ಮೇಲೆ ಅವರಿಗೆ ವಿಶ್ವಾಸ. ಕೇಳಿದ ಕೂಡಲೇ ಅಟ್ಟದ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅಸಲು ಪಟ್ಟಿಗಳು ತಾಲ್ಲೂಕು ಕಚೇರಿಗೆ ಹೋಗಿದ್ದರೂ ಅವರು ಪ್ರತಿ ಸಲವೂ ಒಂದು ನಕಲು ಬರೆದಿಟ್ಟುಕೊಂಡಿದ್ದರು. ಹನ್ನೊಂದನೇ ಇಸವಿಯದು, ಇಪ್ಪತ್ತೊಂದರದು, ಮೂವತ್ತೊಂದರದು. ಮೂರನ್ನೂ ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಆ ಸ್ಕಾಟ್ಲೆಂಡಿನವನ ಹಾಗೆ ಗಲ್ಲಕ್ಕೆ ಕೈಕೊಟ್ಟು ಕೂತೆ.

ಮೊದಲ ಕೇರಿಯಲ್ಲೇ ಒಂದು ಭಯಂಕರ ಸಂಗತಿ ಹೊರಬಿತ್ತು. ಮೂಲೆಮನೆಯ ಯಜಮಾನನ ಹೆಸರು ಹನ್ನೊಂದರಲ್ಲಿ ಬೆಟ್ಟಯ್ಯ, ಇಪ್ಪತ್ತೊಂದರಲ್ಲಿ ನಂದಿಯಪ್ಪ, ಮೂವತ್ತೊಂದರಲ್ಲಿ ಗಿರಿಯಪ್ಪ. ಹೆಂಡತಿ ಮಾತ್ರ ಮೂರರಲ್ಲೂ ಅದೇ ಪುಟ್ಟಮ್ಮ! ಆ ಅಜ್ಜಿ ಈಗಲೂ ಇದ್ದಾಳೆ, ದಿನಾ ನಮ್ಮ ಮನೆಗೆ ಕೆಂಡಕ್ಕೆ ಬರುತ್ತಾಳೆ. ಇಷ್ಟು ಸಾಧುವಾದ ಅಜ್ಜಿ ಮೂವರು ಗಂಡಂದಿರನ್ನು ಕಂಡವಳೇ ಎಂದು ಶ್ಯಾನುಭೋಗರನ್ನೇ ಕೇಳಿಬಿಟ್ಟೆ. ಅವರು ನಕ್ಕು ನಕ್ಕು ಕೆಮ್ಮಿದರು. "ಗಂಡ ಹೊಲಕ್ಕೆ ಹೋಗಿರ್ತಿದ್ದ ಕಣಪ್ಪ. ಅವಳು ಗಂಡನ ಹೆಸರು ಬಾಯಲ್ಲಿ ಹೇಳ್ತಾಳೆಯೇ? ಪ್ರತಿ ಸಲಾನೂ ಬೆಟ್ಟದ ಕಡೆ ಕೈ ತೋರಿಸೋಳು. ಮೊದಲೆರಡು ಸಲ ಬಂದೋರು ತಮಗೆ ತೋಚಿದ್ದು ಬರ್ಕೊಂಡ್ರು, ಮೂರನೇ ಸಲ ನಾನೂ ಅಷ್ಟೇ." ಆ ಗಂಡನ ನಿಜವಾದ ಹೆಸರು ಏನೆಂದು ಶ್ಯಾನುಭೋಗರಿಗೂ ಗೊತ್ತಿಲ್ಲ, ಊರಿಗೆಲ್ಲ ಅವನು ಬರೀ ಮೂಲೆಮನೆಯವನು. ಪುಟ್ಟಮ್ಮಜ್ಜಿ ಇವತ್ತಿಗೂ ಹೇಳಲಾರಳು. ದ್ವೀಪದ ಹೆಂಗಸರು ಗಂಡನ ಹೆಸರನ್ನು ಧಾರಾಳವಾಗಿ ಕೂಗುತ್ತಿದ್ದಿರಬೇಕು. ಅದಕ್ಕೇ ಆ ಸ್ಕಾಟ್ಲೆಂಡಿನವನ ಕೆಲಸ ಅಷ್ಟು ಸಲೀಸಾಯಿತು.

ನನಗೆ ಬೇಕಾಗಿದ್ದದ್ದು ನಗೆಯಲ್ಲ, ಕಣ್ಣೀರು. ಆದರೆ ನಮ್ಮೂರಿನ ದುರದೃಷ್ಟ ನೋಡಿ: ಚಂದ್ರಶೇಖರನ ಮನೆಯವರನ್ನು ಬಿಟ್ಟರೆ ಯಾರೂ ಊರು ಬಿಟ್ಟು ಹೋಗಿಲ್ಲ. ಒಬ್ಬ ಹೋದರೆ ಅವನ ಜಾಗಕ್ಕೆ ನಾಲ್ವರು ಹುಟ್ಟಿಕೊಂಡಿದ್ದಾರೆ. ನಮ್ಮ ಕಂದಾಯದವರ ಲೆಕ್ಕದಲ್ಲಿ ಜನರಿಲ್ಲದ ಊರಿಗೆ ಬೇಚಿರಾಕ್ ಎನ್ನುತ್ತಾರೆ, ಎಂದರೆ ದೀಪವಿಲ್ಲದ್ದು. ಎಂಥ ಚೆಂದದ ಮಾತು! ನಮ್ಮೂರಿಗೆ ಆ ಭಾಗ್ಯವೂ ಇಲ್ಲ. ಬೆಳಗಾಗುವ ಮುಂಚೆಯೇ ಹುಳದ ಮನೆಗಳಲ್ಲೆಲ್ಲ ಬುಡ್ಡಿ ಉರಿಯುತ್ತಿರುತ್ತದೆ.

ಕೊನೆಗೆ ಇಪ್ಪತ್ತೊಂದರ ಪಟ್ಟಿಯಲ್ಲಿ ನಮ್ಮ ಕೇರಿಯ ಐದು ಮನೆಗಳ ಎದುರು ಬರೀ ಗೀಟು ಕಂಡಿತು. "ಸಿಕ್ಕಿತು!" ಎಂದು ತೊಡೆ ತಟ್ಟಿದೆ. ಶ್ಯಾನುಭೋಗರು ನಗಲಿಲ್ಲ. "ಅದು ಹದಿನೆಂಟನೇ ಇಸವಿ ಇನ್‌ಫ್ಲುಯೆಂಜಾ ಜ್ವರದ್ದು ಕಣಪ್ಪ. ಎರಡನೇದು ನಿಮ್ಮಜ್ಜಿ ತವರುಮನೆ. ಹೊರೋಕೆ ನಾಲ್ಕು ಜನ ಇರ್ಲಿಲ್ಲ" ಎಂದರು. ತಟ್ಟಿದ ತೊಡೆಯ ಮೇಲೆ ಕೈ ಹಾಗೆಯೇ ಉಳಿಯಿತು. ಒಂದು ನಿಮಿಷ ಚಂದ್ರಶೇಖರನನ್ನು ಪೂರ್ತಿ ಮರೆತೆ. ಒಂದೇ ನಿಮಿಷ.

ಏಕೆಂದರೆ ಮೂವತ್ತೊಂದರ ಪಟ್ಟಿಯಲ್ಲಿ ನಮ್ಮ ಕೇರಿಗೆ ಬಂದ ಕೂಡಲೇ ಎದುರಿಗೆ ಬಂದವನು ಅವನೇ. "ಚಂದ್ರಶೇಖರ, ವಯಸ್ಸು ಐದು." ದಪ್ಪಕ್ಷರದಲ್ಲಿ, ದುಂಡಗೆ. ಅದರ ಕೆಳಗೆ ನಮ್ಮ ಮನೆ. ಅಪ್ಪ, ಅವ್ವ, ಅಜ್ಜಿ. ಅಷ್ಟೇ. ಮಕ್ಕಳು? ಇಲ್ಲ.

ಹಾಳೆ ತಿರುಗಿಸಿದೆ, ಬೆಳಕಿಗೆ ಹಿಡಿದೆ. ಆಗ ನನಗೂ ಐದು ವರ್ಷ. ಐದು ವರ್ಷದ ನಾನು ಸದ್ದಿಲ್ಲದೆ ಇದ್ದವನಂತೂ ಅಲ್ಲ. ಮೈಸೂರು ಸಂಸ್ಥಾನದವರು ಚಂದ್ರಶೇಖರನನ್ನು ಎಣಿಸಿ, ನಾಲ್ಕು ಹೆಜ್ಜೆ ನಡೆದು ನಮ್ಮ ಬಾಗಿಲಿಗೆ ಬಂದು, ನನ್ನನ್ನು ಎಣಿಸದೆ ಹೋಗಿದ್ದರು! ದ್ವೀಪದ ಮೇಲಿನ ಹೊಟ್ಟೆಕಿಚ್ಚು ಇದರ ಮುಂದೆ ತಣ್ಣನೆಯ ಮಜ್ಜಿಗೆ. ಶ್ಯಾನುಭೋಗರನ್ನು ಕೇಳಬಹುದಿತ್ತು. ಆದರೆ ಮಾನ ಹೋಗುವ ಮಾತನ್ನು ಯಾರು ಕೇಳುತ್ತಾರೆ?

ಬದಲಿಗೆ ನಾನು ಮಾಡಿದ್ದು ಇಷ್ಟು. ಅವರು ಸಂಧ್ಯಾವಂದನೆಗೆ ಒಳಗೆ ಹೋದಾಗ ನನ್ನ ಪೆನ್ನು ತೆಗೆದು ನನಗೆ ಜನ್ಮ ಕೊಟ್ಟುಕೊಂಡೆ. ಬರೆಯುವುದು ಹೇಗೂ ಬರೆಯುತ್ತೇನೆ, ತಿಪ್ಪೇಗೌಡ ಎಂದೇಕೆ ಬರೆಯಬೇಕು? "ರಾಜಶೇಖರ, ವಯಸ್ಸು ಐದು" ಎಂದು ಬರೆದೆ. ಪಕ್ಕದಲ್ಲಿ ಓದುಬರಹದ ಅಂಕಣ ಖಾಲಿ ಇತ್ತು. "ಇಂಗ್ಲಿಷ್ ಬಲ್ಲ" ಎಂದು ಸೇರಿಸಿದೆ. ಕೈ ತಡೆಯಲಿಲ್ಲ.

ನಮ್ಮೂರಲ್ಲೂ ಹಳೆಯ ಪಟ್ಟಿ ಇದೆ ಎಂದು ನಾನು ತರಗತಿಯಲ್ಲಿ ಹೇಳಿದ್ದನ್ನು ಯಾರೂ ನಂಬದೆ, ಮುಂದಿನ ಭಾನುವಾರ ಮೇಷ್ಟ್ರೇ ಸೈಕಲ್ಲಿನಲ್ಲಿ ನೋಡಲು ಬಂದರು. ಹಿಂದಿನ ಕ್ಯಾರಿಯರ್ ಮೇಲೆ ಚಂದ್ರಶೇಖರ. ಶ್ಯಾನುಭೋಗರ ಜಗಲಿಯಲ್ಲಿ ನಾನು ನಿಂತು ಮಾತಾಡಿದೆ. ಪುಟ್ಟಮ್ಮಜ್ಜಿಯ ಮೂವರು ಗಂಡಂದಿರನ್ನು ಐವರನ್ನಾಗಿ ಮಾಡಿದೆ. ಚಂದ್ರಶೇಖರ ಕೂಡ ನಕ್ಕುಬಿಟ್ಟು, ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡ. ಜ್ವರದ ಐದು ಮನೆಗಳನ್ನು ಮಾತ್ರ ಐದೇ ಎಂದು ಹೇಳಿದೆ, ಏಕೋ ಎಳೆಯಲಾಗಲಿಲ್ಲ. ಆಗ, ದೇವರಾಣೆ, ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಇನ್‌ಸ್ಪೆಕ್ಟರ್ ಸಾಹೇಬರ ಮುಂದಿನ ಜಾಗ ನನಗೆ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಒರೆಸಿದ ಕನ್ನಡಕ ಹಾಕಿಕೊಂಡು ಅವರು ಮೂವತ್ತೊಂದರ ಹಾಳೆ ಎತ್ತಿಕೊಂಡರು. ಕನ್ನಡಕ ಒರೆಸಿದರೆ ಕಣ್ಣು ಚೆನ್ನಾಗಿ ಕಾಣುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

"ರಾಜಶೇಖರ, ವಯಸ್ಸು ಐದು, ಇಂಗ್ಲಿಷ್ ಬಲ್ಲ. ಯಾರಯ್ಯಾ ಈ ಮಹಾನುಭಾವ?"

"ನಾನೇ ಸಾರ್. ಮೊದ್ಲು ಮನೇಲಿ ಹಂಗೇ ಕರೀತಿದ್ರು."

"ಐದಕ್ಕೇ ಬರ್ತಿದ್ದ ಇಂಗ್ಲಿಷು ಹದಿನೈದಕ್ಕೆ ಎಲ್ಲಿ ಹೋಯ್ತಯ್ಯಾ?"

ಇದಕ್ಕೆ ಉತ್ತರ ಹುಡುಕುತ್ತಿದ್ದೆ, ಸಿಕ್ಕಿಯೂ ಬಿಡುತ್ತಿತ್ತು. ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ನಮ್ಮ ಅವ್ವ ಅಂಗಳಕ್ಕೆ ಬಂದಳು.

"ಲೇ ತಿಪ್ಪ! ಹುಳ ಪೊರೆ ಬಿಟ್ಟು ಜ್ವರದಿಂದೆದ್ದು ಸೊಪ್ಪಿಗೆ ಬಾಯ್ ಬಾಯ್ ಬಿಡ್ತಾವೆ, ನೀನಿಲ್ಲಿ ಹರಿಕಥೆ ಮಾಡ್ತಾ ಇದ್ದೀಯಾ?"

ಚಂದ್ರಶೇಖರ ಬಹಳ ವಿನಯದಿಂದ ಎದ್ದು ನಿಂತ. "ಅತ್ತೆ, ಇದು ಹತ್ತು ವರ್ಷದ ಹಿಂದಿನ ಖಾನೇಷುಮಾರಿ. ಇದ್ರಲ್ಲಿ ನಿಮ್ಮ ಮಗನ ಹೆಸರೈತೆ."

ಅವ್ವನ ಮುಖ ಬಿಳಿಚಿಕೊಂಡಿತು. ಬುಟ್ಟಿ ಕೆಳಗಿಳಿಯಿತು. "ಇರಾಕಿಲ್ಲ. ನಾನು ಬರೆಸೇ ಇಲ್ಲ. ಸ್ವಾಮಿ, ಅವತ್ತು ನೀವೇ ಅಲ್ವ್ರಾ ಬಂದಿದ್ದು? ಮಕ್ಕಳಿಲ್ಲ ಅಂದಿದ್ನಲ್ಲ!"

"ಅಂದಿದ್ದೆ ಕಣಮ್ಮ" ಎಂದರು ಶ್ಯಾನುಭೋಗರು. "ರಾಗಿ ತುಂಬೋ ಮಣ್ಣಿನ ವಾಡೆ ಒಳಗಿಂದ ಯಾರೋ ಕೆಮ್ಮಿದ್ರು. ಬೆಕ್ಕು ಅಂದೆ ನೀನು."

"ಬೆಕ್ಕು ಕೆಮ್ಮುತ್ತಾ?" ಎಂದರು ಮೇಷ್ಟ್ರು.

"ಬೆಕ್ಕಿಗೆ ಫಾರಮ್ಮಿನಲ್ಲಿ ಜಾಗ ಇರ್ಲಿಲ್ಲ ಮೇಷ್ಟ್ರೇ. ಇಲ್ಲ ಅಂತ ಬರ್ಕೊಂಡು ಹೋದೆ."

ಅವ್ವ ಮೇಷ್ಟ್ರ ಕಡೆ ತಿರುಗಿದಳು. "ಇವನಿಗೆ ಮುಂಚೆ ಎರಡು ಹೋಗಿದ್ವು. ಬಂದೋರೆಲ್ಲ ಎಣಿಸೋರೇ, ಎಷ್ಟು ಮಕ್ಕಳು, ಎಷ್ಟು ಮಕ್ಕಳು ಅಂತ. ಎಣಿಸಿದ್ದಕ್ಕೇ ಕಣ್ಣು ಬಿತ್ತು. ಇದೊಂದನ್ನಾದ್ರೂ ಎಣಿಸೋಕೆ ಬಿಡಬಾರ್ದು ಅಂತ ತಿಪ್ಪೇಲಿ ಹೊರಳಿಸಿ ಹೆಸರಿಟ್ಟೆ. ಅವತ್ತು ವಾಡೇಲಿ ಕೂರಿಸಿ, ಬಾಯಿಗೆ ಬೆಲ್ಲ ತುರುಕಿ, ಮುಚ್ಚಳ ಹಾಕ್ದೆ. ಯಾರು ಇವನ್ನ ಬರೆದೋರು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಾಳೆಯ ಮೇಲೆ ಕೂತಿದ್ದ ನೊಣದ ಕಡೆ ನೋಡಿದೆ.

"ಈ ವರ್ಷದ್ದರಲ್ಲಿ ಬರೆದಿದ್ದೀನಲ್ಲಮ್ಮ, ಆಗ ಸುಮ್ನಿದ್ಯಲ್ಲ?" ಎಂದರು ಶ್ಯಾನುಭೋಗರು.

"ಈಗ ಮೀಸೆ ಚಿಗುರ್ತಾ ಐತೆ, ವಾಡೇಲಿ ಹಿಡಿಸಾಕಿಲ್ಲ. ಅದೇ ಬೇರೆ. ಆಗಿಂದು ಬೇಡ. ಹೊಡೆದಾಕಿ ಸ್ವಾಮಿ, ನನ್ ಕಣ್ಮುಂದೆ ಹೊಡೆದಾಕಿ. ಲೇ, ನೀನು ಹಿಂಗೆ ಜನಾನ ಎಣಿಸ್ಕೊಂಡು ಯಾರ್ ಮುಂದೇನೂ ನಿಂತ್ಕೋಬೇಡ."

ಸುಳ್ಳು ಬರೆದದ್ದಕ್ಕೆ ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಅವಳು ಬೈಯಲಿಲ್ಲ, ಅವಳಿಗೆ ಭಯವಾಗಿತ್ತು. ನಾನೇ ಪೆನ್ನು ತೆಗೆದು ಶ್ಯಾನುಭೋಗರ ಕೈಗೆ ಕೊಟ್ಟೆ. ಶ್ಯಾನುಭೋಗರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಒಂದು ಗೆರೆ ಎಳೆದರು. ಒಂದು ವಾರವೂ ತುಂಬದ ರಾಜಶೇಖರ ಇಂಗ್ಲಿಷಿನ ಸಮೇತ ಹೋದ. ಮೇಷ್ಟ್ರು ಎದ್ದು ಪಂಚೆ ಕೊಡವಿದರು. "ಆಯ್ತಮ್ಮ. ಚಂದ್ರಶೇಖರನೇ ಮಾತಾಡ್ಲಿ."

ಅವ್ವ ಶಾಯಿ ಒಣಗುವವರೆಗೂ ನಿಂತಿದ್ದು, ಬುಟ್ಟಿಗೆ ಬಗ್ಗಿದಳು. ಆಗ ಚಂದ್ರಶೇಖರ ನನ್ನ ಪಕ್ಕಕ್ಕೆ ಸರಿದ. ಗೆದ್ದವನು ಕುಣಿಯಬೇಕಿತ್ತು. ಹಾಳೆಯಲ್ಲಿನ ತನ್ನ ದುಂಡಕ್ಷರದ ಹೆಸರಿನ ಮೇಲೆ ಬೆರಳಿಟ್ಟು, ಮೆಲ್ಲಗೆ, "ನಮ್ಮನೇಲಿ ನನ್ನನ್ನ ಯಾರೂ ಬಚ್ಚಿಟ್ಟಿರ್ಲಿಲ್ಲ ಕಣೋ" ಎಂದ.

ಆ ದನಿ ನನಗೆ ಚೆನ್ನಾಗಿ ಗೊತ್ತು. ಆ ದ್ವೀಪದ ಕಥೆ ಕೇಳಿದ ದಿನದಿಂದ ಅದು ನನ್ನ ಗಂಟಲಲ್ಲೇ ಇತ್ತು. ಅದನ್ನು ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಮೇಷ್ಟ್ರಿಗೆ ಕೇಳಿಸುವಂತೆ ಹೇಳಿಸಬೇಕೆಂದು ಬಾಯಿ ತೆರೆದೆ.

"ಆಮೇಲೆ ಕೇಳ್ಕೊಳ್ಳೀವಂತೆ" ಎಂದು ಅವ್ವ ನನ್ನ ಕಿವಿ ಹಿಡಿದು, ತಲೆಯ ಮೇಲೆ ಬುಟ್ಟಿ ಕೂರಿಸಿ, ಮನೆಯ ಕಡೆ ತಿರುಗಿಸಿದಳು. "ನಡಿ. ಹುಳ ಕಾಯಾಕಿಲ್ಲ."