ಹೂಂ ಎನ್ನದ ಕಂಪ್ಯೂಟರು

ಮೊನ್ನೆ ಸೊಸೆ ತನ್ನ ಕಂಪ್ಯೂಟರಿಗೆ ಅದೇನೋ ಹೊಸ ಸಿಸ್ಟಮ್ ಹಾಕಿಕೊಂಡಳು. ಚಹಾ ಕೊಡಲು ಹೋದ ನನಗೆ ಪರದೆ ಕಂಡಿತು: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮಿಣುಕುವ ಒಂದು ಗೆರೆ. ಬಾಯಿ ಕಹಿಯಾಯಿತು. ಚಹಾದ ತಪ್ಪಲ್ಲ ನೋಡಿ, ಸಕ್ಕರೆ ಸರಿಯಾಗಿಯೇ ಇತ್ತು.

ಬಹಳ ಹಿಂದಿನ ಮಾತು. ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿಕೊಂಡಿದ್ದ ಕಾಲ. ನಾನು ಕಾಚಿಗೂಡದಿಂದ ಬಸ್ಸು ಹಿಡಿದು ಸಿಕಂದರಾಬಾದಿನ ಒಂದು ಆಫೀಸಿಗೆ ಹೋಗುತ್ತಿದ್ದೆ. ಹೊರದೇಶದ ಆಸ್ಪತ್ರೆಗಳ ಕಾಗದಪತ್ರ ಟೈಪು ಮಾಡುವ ಕೆಲಸ. ಪಕ್ಕದ ಕುರ್ಚಿಯಲ್ಲಿ ಇಂದೂಬಾಯಿ. ವಿಜಾಪುರದ ಕಡೆಯವರು, ನನಗಿಂತ ಹಿರಿಯರು. ಇಡೀ ಆಫೀಸು ತೆಲುಗು, ಹಿಂದಿ ಆಡುವಾಗ ನಮ್ಮಿಬ್ಬರದು ಮಾತ್ರ ಕನ್ನಡ. ಸುಲ್ತಾನ್ ಬಜಾರಿನಲ್ಲಿದ್ದ ಅವರ ಗಂಡನ ಅಂಗಡಿ ಮುಚ್ಚಿಹೋಗಿತ್ತು. ಮನೆ ನಡೆಯುತ್ತಿದ್ದದ್ದು ಈ ನೌಕರಿಯಿಂದಲೇ.

ಒಂದು ದಿನ ಮ್ಯಾನೇಜರು ಮೌಸುಗಳನ್ನೆಲ್ಲ ಕಿತ್ತು ಪೆಟ್ಟಿಗೆಗೆ ತುಂಬಿದ. ಇನ್ನು ಹೊಸ ಸಿಸ್ಟಮ್, ಚಿತ್ರಗಿತ್ರ ಇಲ್ಲ, ಏನು ಬೇಕಾದರೂ ಟೈಪು ಮಾಡಿಯೇ ಹೇಳಬೇಕು. ಕಲಿತವರು ಉಳಿಯುತ್ತಾರೆ, ಕಲಿಯದವರು ಹೊರಡಬಹುದು ಎಂದ. ಕಲಿಸುವವರು ಯಾರು ಎಂದರೆ ಕೈಗೊಂದು ಜೆರಾಕ್ಸ್ ಹಾಳೆ ಕೊಟ್ಟ. ನನ್ನ ಬಲಗೈ ವಾರಗಟ್ಟಲೆ ಇಲ್ಲದ ಮೌಸನ್ನು ಮೇಜಿನ ಮೇಲೆ ತಡಕಾಡುತ್ತಿತ್ತು. ನೋಡಿದವರು ಇವಳಿಗೆ ವಾತವೋ ಏನೋ ಎಂದುಕೊಂಡಿರಬೇಕು.

ಇಂದೂಬಾಯಿಯ ಬಾಧೆ ಬೇರೆ. ಹಳೆಯ ಸಿಸ್ಟಮ್ ಎಲ್ಲಕ್ಕೂ ಏನಾದರೊಂದು ಹೇಳುತ್ತಿತ್ತು. ಹೊಸದಾದರೋ, ತಪ್ಪಾದರೆ ಗದರುತ್ತಿತ್ತು, ಸರಿಯಾದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ನಮ್ಮ ಕಡೆ ಕಥೆ ಹೇಳುವಾಗಲೂ ಹೂಂಗುಟ್ಟಲು ಒಬ್ಬರಿರಬೇಕು. ಹೂಂ ಬರಲಿಲ್ಲವೆಂದರೆ ಕೇಳಿಸಿಲ್ಲವೆಂದೇ ತಿಳಿದು ಇನ್ನೊಮ್ಮೆ ಹೇಳುತ್ತೇವೆ. "ಇಷ್ಟ ಹೇಳಿದರ ಒಂದ್ ಹೂಂ ಅರ ಅನಬಾರದೇನ? ಗ್ವಾಡಿ ಜೋಡಿ ಮಾತಾಡಿದಂಗ ಆಗೈತಿ," ಎಂದು ಗೊಣಗುತ್ತಿದ್ದರು.

ಆ ಆಸ್ಪತ್ರೆಗಳ ಕಡೆಯಿಂದ ನಮಗೆ ಕೆಲಸ ಕೊಡುವ ಸಾಹೇಬರು ಬಂದ ದಿನ ಮ್ಯಾನೇಜರು ಇಂದೂಬಾಯಿಯನ್ನೇ ಮುಂದೆ ಕೂರಿಸಿದ. ದೊಡ್ಡದೊಂದು ಫೈಲನ್ನು ಪ್ರಿಂಟಿಗೆ ಕಳಿಸಬೇಕು. ಕಳಿಸಿದರು. ಪರದೆ ಸುಮ್ಮನೆ. ಮತ್ತೆ ಕಳಿಸಿದರು. ಆಗಲೂ ಸುಮ್ಮನೆ. ಹಾಗೇ ಕಳಿಸುತ್ತಲೇ ಹೋದರು. ನಾನು ನೋಡುತ್ತಿದ್ದೆ, ನನಗೂ ಏನೂ ತಿಳಿಯದು. ಗಾಜಿನ ಬಾಗಿಲಿನಾಚೆ ಪ್ರಿಂಟರು ಕಾಗದ ಉಗುಳಿ ನೆಲವೆಲ್ಲ ಹಾಳೆಯಾದಾಗಲೇ ಗೊತ್ತಾದದ್ದು, ಕಳಿಸಿದ್ದು ಪ್ರತಿಸಲವೂ ಹೋಗಿತ್ತೆಂದು. ಮ್ಯಾನೇಜರು ಅಷ್ಟು ಹೊತ್ತೂ ಇಂದೂಬಾಯಿಯ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ. ಸಾಹೇಬರ ಕಡೆ ತಿರುಗಿ ನಕ್ಕ. ಅವರೂ ನಕ್ಕರು. "ಆಂಟೀ, ಅಬ್ ಘರ್ ಮೇ ಆರಾಮ್ ಕರೋ," ಎಂದ ಇಂದೂಬಾಯಿಗೆ. ಇನ್ನು ಕೆಲಸಕ್ಕೆ ಬರಬೇಡಿ, ಮನೆಯಲ್ಲೇ ಆರಾಮಾಗಿರಿ ಎಂದು.

ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ಇಂದೂಬಾಯಿ ನನಗೆ ಹೇಳಿದ್ದಿಷ್ಟೇ: "ಅದು ಸುಮ್ಮ ಕುಂತ್ರ ಕೆಲಸ ಆಗೈತಿ ಅಂತ ತಿಳಕೋ. ನೀ ಎರಡನೇ ಸಲ ಒತ್ತಬ್ಯಾಡ."

ಒತ್ತಲಿಲ್ಲ. ಉಳಿದೆ. ಆ ಕಪ್ಪು ಪರದೆ ಕೈಗೆ ಹತ್ತಿತು, ಬಡ್ತಿಯೂ ಬಂತು. ಮ್ಯಾನೇಜರನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಎಲ್ಲ ಗೊತ್ತಿದ್ದೂ ಬೆನ್ನ ಹಿಂದೆಯೇ ನಿಂತಿದ್ದವನು ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಸೊಸೆ ಏನೋ ಟೈಪು ಮಾಡಿದಳು. ಪರದೆ ಸುಮ್ಮನಿತ್ತು. ಅವಳು ಮತ್ತೆ ಬೆರಳೆತ್ತಿದಾಗ ಕೈ ಹಿಡಿದು, ಆಗಿದೆ ಬಿಡು ಎಂದೆ. ಅತ್ತೆಗೆ ಇದೆಲ್ಲ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಯಾರು ಕಲಿಸಿದರು ಎಂದು ಕೇಳಿದಳು. ಇಂದೂಬಾಯಿ ಎಂದೆ. ಅವರಿಗೆ ಇದು ಅಷ್ಟು ಚೆನ್ನಾಗಿ ಬರುತ್ತಿತ್ತೇ ಎಂದಳು.

"ಇಲ್ಲವ್ವಾ," ಎಂದೆ. "ಅವರ ನೌಕರಿ ಹೋತು, ನಾ ಕಲತೆ."