ಒಂದೇ ಹಾಡಿನ ಏಳು ಪ್ಲೇಟು

ಹಿಂದುಸ್ತಾನಿ ಸಂಗೀತಕ್ಕೆ ಹೆಸರಾದ ಕುಂದಗೋಳದಲ್ಲಿ ಹುಟ್ಟಿಯೂ ನನಗೆ ಒಂದು ರಾಗದ ಗುರುತೂ ಹತ್ತುವುದಿಲ್ಲ. ನಮ್ಮೂರಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದೆಂದರೆ ಮೀನು ತನಗೆ ಈಜು ಬಾರದೆಂದು ಒಪ್ಪಿಕೊಂಡಂತೆ. ಅಂಥವನು ಎಂಬತ್ತರ ದಶಕದಲ್ಲಿ, ನವಲಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಒಂದು ಹಾಡಿನ ಬೆನ್ನು ಹತ್ತಿದೆ. ಒಂದೇ ಒಂದು ಹಾಡಿನ.

ಇಂಗ್ಲೆಂಡಿನ ನಾಲ್ಕು ಹುಡುಗರ ತಂಡದ ಹಾಡು ಅದು. ಮುಂದೆ ಅವರು ಜಗತ್ತನ್ನೇ ಕುಣಿಸಿದರು. ಇದು ಅವರಿನ್ನೂ ಹೆಸರು ಮಾಡುವ ಮುಂಚಿನದು, ಎರಡು ನಿಮಿಷದ್ದು. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಅದರ ರೆಕಾರ್ಡು, ನಮ್ಮ ಕಡೆಯ ಮಾತಿನಲ್ಲಿ ಪ್ಲೇಟು, ಸಿಕ್ಕಿತು. ಅಷ್ಟಕ್ಕೇ ಬಿಟ್ಟಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಪತ್ರಮೈತ್ರಿಯ ಗೆಳತಿಯೊಬ್ಬಳು ಜರ್ಮನಿಯಿಂದ ಬರೆದಳು: ಅವರ ದೇಶದಲ್ಲಿ ಒತ್ತಿದ ಪ್ಲೇಟಿಗೆ ನಡುವಿನ ಕಾಗದದ ಬಣ್ಣವೇ ಬೇರೆ, ದನಿಯೂ ಒಂದು ಚೂರು ಬೇರೆ! ಅದಕ್ಕೆ ಬದಲಾಗಿ ಸಣ್ಣದೊಂದು ನವಲಗುಂದದ ಜಮಖಾನ, ನವಿಲಿನ ಚಿತ್ತಾರದ್ದು, ಪೋಸ್ಟಿನಲ್ಲಿ ಕಳಿಸಿದೆ. ಎರಡು ತಿಂಗಳಿಗೆ ಜರ್ಮನಿಯ ಪ್ಲೇಟು ಬಂತು. ಆಮೇಲೆ ಜಪಾನಿನದು, ಕೆಂಪಗೆ, ಬೆಳಕಿಗೆ ಹಿಡಿದರೆ ಬೆರಳು ಕಾಣುವಂಥದು. ಹೀಗೆ ಏಳಾದವು.

ಪಂಡಿತರು ಒಂದೇ ಕಾವ್ಯದ ಏಳು ಓಲೆಗರಿ ಪ್ರತಿ ಹುಡುಕಿದರೆ ಅದು ಸಂಶೋಧನೆ. ನಾನು ಹುಡುಕಿದರೆ ಹುಚ್ಚು. ನನ್ನ ಹೆಂಡತಿ ಸುಮಿತ್ರಾ ಅಂತೂ ತೀರ್ಪು ಕೊಟ್ಟಾಗಿತ್ತು: "ಒಂದ ಪಲ್ಯಾ ಏಳ ಬೋಗಣ್ಯಾಗ ಮಾಡಿಟ್ಟಂಗ ಆತಲ್ರಿ ಇದು!" ಆಕೆ ಒಮ್ಮೆಯೂ ಕೂತು ಕೇಳಿದವಳಲ್ಲ. ನಾನು ಮಾತ್ರ ಶಾಲೆ ಬಿಟ್ಟ ಮೇಲೆ ಒಂದೊಂದನ್ನೇ ಹಚ್ಚಿ ಕಣ್ಣು ಮುಚ್ಚುತ್ತಿದ್ದೆ. ಪುಣೆಯಾಚೆ ಕಾಲಿಡದವನು ನಾನು. ಆದರೆ ಪ್ಲೇಟಿನ ಗೀರುಗಳ ಚಟಪಟ ಕೇಳುವಾಗ, ಎಂದೂ ಕಾಣದ ಊರಿನ ಯಾರದೋ ಮನೆಯ ಜಗಲಿಯ ಮೇಲೆ ನಿಂತು, ಒಳಗೆ ಕರೆಯಲಿ ಎಂದು ಕಾದಂತೆ ಎದೆ ಹಿಂಡುತ್ತಿತ್ತು.

ಎಂಟನೆಯದೊಂದು ಇತ್ತು. ಅದೂ ನಮ್ಮ ದೇಶದ್ದೇ! ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮೊಫೋನಿಗೆಂದು ಈ ಹಾಡನ್ನು ಹಳೇ ಕಾಲದ ದಪ್ಪ ಪ್ಲೇಟಿನಲ್ಲೂ ಒತ್ತಿದ್ದರಂತೆ. ಅದನ್ನು ಪರದೇಶದವರು ಕನಸಿನಲ್ಲಿ ಕಾಣುತ್ತಿದ್ದರು. ನನಗೆ ಆ ಕನಸೂ ಬಿದ್ದಿರಲಿಲ್ಲ, ಅಷ್ಟು ದೂರದ ಮಾತು ಅದು. ಒಂದು ದಿನ ನಮ್ಮ ಡ್ರಾಯಿಂಗ್ ಮಾಸ್ತರರು, "ಶಲವಡ್ಯಾಗ ನಮ್ಮ ಬಾಜು ಮನಿ ನೀಲವ್ವನ ಹಂತೇಕ ಒಂದ ಇಂಗ್ಲಿಷ್ ಪ್ಲೇಟ ಐತ್ರಿ, ಅಗದಿ ದಪ್ಪಂದು" ಅಂದರು.

ರವಿವಾರ ಮೊದಲ ಬಸ್ಸಿಗೇ ಹೋದೆ. ನೀಲವ್ವ ಅರವತ್ತರ ಆಸುಪಾಸಿನವರು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಗಂಡ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದವರು, ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಬಂದ ಕಾರಣ ಹೇಳಿದೆ. ಅವರು ಗ್ರಾಮೊಫೋನು ತಂದು, ಕೀಲಿ ತಿರುವಿ, ಪ್ಲೇಟು ಹಚ್ಚಿದರು. ಅದೇ! ಅದೇ ಹಾಡು, ಅದೇ ದಪ್ಪ ಪ್ಲೇಟು.

"ಈಗ ನನ್ನ ಕಿವಿ ಮಂದ ಆಗ್ಯಾವ. ತಗೊಂಡ ಹೋಗ್ರಿ ಮಾಸ್ತರ, ನೀವರೆ ಕೇಳ್ತೀರಿ" ಎಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಗಂಟು ಎದೆಗೆ ಅವಚಿಕೊಂಡು ಎದ್ದೆ. ಹೊಸ್ತಿಲಿಗೆ ಬಂದಾಗ ಕೇಳಿದರು:

"ಅಂದಂಗ ಇದರಾಗ ಏನ ಅಂತಾರ್ರಿ? ಎತ್ತ ಕಳಕೊಂಡಾಂವ ಒಬ್ಬಾಂವ ಊರೂರು ಒದರಕೋಂತ ಹೊಂಟಾನಂತ ನಮ್ಮ ಮನಿಯವರು ಹೇಳಿದ್ರು. ಖರೇನ್ರಿ?"

ಹೌದ್ರಿ ಅಂದಿದ್ದರೆ ಮುಗಿದಿತ್ತು, ಪ್ಲೇಟು ನನ್ನದು. ಒಳ್ಳೆಯತನದಿಂದ ನಿಜ ಹೇಳಿದೆ ಎಂದರೆ ಸುಳ್ಳಾದೀತು. ತಪ್ಪು ತರ್ಜುಮೆ ಕಂಡರೆ ಸುಮ್ಮನಿರಲಾಗದ ಮಾಸ್ತರಿಕೆಯ ಚಟ ಅದು.

"ಎತ್ತು ಇಲ್ರಿ ಅವ್ವಾರ. ನಿನ್ನ ಮ್ಯಾಲೆ ನನಗ ಪ್ರೀತಿ ಐತಿ ಅಂತಾರ. ಅದನ್ನ ತಿರುಗಾಮುರುಗಾ ಅಂತಾರ. ಅಷ್ಟರಿ."

ನೀಲವ್ವ ಹೊಸ್ತಿಲ ತನಕ ಬಂದರು.

"ರಜಾಕ ಬಂದಾಗೊಮ್ಮೆ ಇದನ್ನ ಹಚ್ಚಿ, ನನ್ನ ಮಾರಿ ನೋಡಕೋಂತ ಕುಂಡ್ರತಿದ್ರು. ಪಾಪ, ಎತ್ತು ಸಿಕ್ತೋ ಇಲ್ಲೋ ಅಂತ ನಾ ಕಣ್ಣಾಗ ನೀರ ತರತಿದ್ದೆ!"

ನಕ್ಕರು. ಸೆರಗು ಬಾಯಿಗೆ ಹಿಡಿದು ನಕ್ಕರು. ನಗು ನಿಂತ ಮೇಲೂ ಸೆರಗು ಕೆಳಗಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಕೈ ಚಾಚಿದರು.

"ತಪ್ಪ ತಿಳೀಬ್ಯಾಡ್ರಿ ಮಾಸ್ತರ..."

ಕೊಟ್ಟೆ. ಕೊಡುವಾಗ ಜೀವ ಚುರ್ ಅಂದದ್ದು ನಿಜ. ಅವರು ಮತ್ತೆ ಕೀಲಿ ಕೊಟ್ಟರು. ಗಂಡನ ಮುಖ ನೋಡುವಂತೆ ತಿರುಗುವ ಪ್ಲೇಟನ್ನು ನೋಡುತ್ತ ಕೂತರು. ಹಾಡು ಮುಗಿಯುವ ಮುಂಚೆಯೇ ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಅಲ್ಲಿ ಮೂರನೆಯವನಿಗೆ ಜಾಗವಿರಲಿಲ್ಲ.

ಆ ಪ್ಲೇಟು ನನಗೆ ಇವತ್ತಿಗೂ ಬೇಕು. ಈ ಮಾತಿನಲ್ಲಿ ನಾನೇನೂ ಸಂತನಾಗಿಲ್ಲ. ಆದರೆ ಅಂದು ಬಸ್ಸಿನಲ್ಲಿ, ಎರೆಹೊಲದ ಗಾಳಿಗೆ ಮುಖ ಕೊಟ್ಟು ಬರುವಾಗ, ನನ್ನ ಕಪಾಟಿನ ಏಳೂ ಯಾಕೋ ಹಗುರವೆನಿಸಿದವು. ಅವನ್ನು ಹಚ್ಚಿ ನಾನು ಯಾರ ಮುಖವನ್ನೂ ನೋಡಿರಲಿಲ್ಲ.

ಬರಿಗೈಯಲ್ಲಿ ಬಂದದ್ದು ಕಂಡು ಸುಮಿತ್ರಾ ಗಾಬರಿಯಾದಳು. ನಡೆದದ್ದೆಲ್ಲ ಹೇಳಿದೆ. ಹಾಡಿನ ಅರ್ಥವನ್ನೂ ಹೇಳಬೇಕಾಯಿತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಆ ಶಬ್ದ ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಗೆ ಬಂದಿತ್ತು, ಅದೂ ತರ್ಜುಮೆಯಾಗಿ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಝಾಡಿಸಿಕೊಂಡು ಬಂದು ಬಾಗಿಲಿಗೆ ಒರಗಿದಳು.

"ಹಚ್ರಿ ನೋಡೂಣು."

"ಯಾವುದು? ಜರ್ಮನೀದೋ, ಜಪಾನಿಂದೋ?"

"ಯಾವುದರೆ ಹಚ್ರಿ. ಎಲ್ಲಾವೂ ಹೇಳೂದು ಅದನ್ನ ಅಲ್ಲೇನು?"

ಕೈಗೆ ಸಿಕ್ಕದ್ದನ್ನು ಹಚ್ಚಿದೆ. ಯಾವ ದೇಶದ್ದೆಂದು ನೋಡಲಿಲ್ಲ.