ಕಾಗಿಣಾದ ಪಟ್ಟಿ ಇಳಿಸಿದ ಲಾಲ್ ಅಹ್ಮದ್

ಲಾಲ್ ಅಹ್ಮದ್ ಇಪ್ಪತ್ಮೂರು ವರ್ಷ, ಒಂದು ದಿನವೂ ತಪ್ಪಿಸದೆ, ಕಾಗಿಣಾ ನದಿಯ ನೀರು ಅಳೆದು ಬರೆದರು. ಅದರಲ್ಲಿ ಹನ್ನೆರಡು ವರ್ಷದ ಬೇಸಿಗೆ ಲೆಕ್ಕ ಸುಳ್ಳು. ಎರಡೂ ಮಾತು ಖರೇ. ಎರಡನ್ನೂ ಒಬ್ಬನೇ ಮನುಷ್ಯನ ತಲೆಗೆ ಹೇಗೆ ಕಟ್ಟುವುದು ಅಂತ ತಿಳಿಯದೆ ನಾನು ಎರಡು ವಾರ ಪೆನ್ನು ಮುಟ್ಟಲಿಲ್ಲ.

ಸೇಡಂ ಮತ್ತು ಚಿತ್ತಾಪುರದ ನಡುವೆ ಅವರ ಊರ ಮುಂದೆ, ಬಿದ್ದುಹೋದ ಹಳೇ ಸೇತುವೆಯ ಒಂದು ಕಲ್ಲುಕಂಬ ನದಿಯೊಳಗೆ ನಿಂತಿದೆ. ಅದಕ್ಕೆ ಕಪ್ಪು ಬಿಳಿ ಗೆರೆಗಳ ಆಳೆತ್ತರದ ಕಬ್ಬಿಣದ ಪಟ್ಟಿ. ಮಳೆಗಾಲಕ್ಕೆ ದಂಡೆಯ ಮೇಲೆ ಬೇರೆ ಪಟ್ಟಿಗಳಿವೆ, ಇದು ಬೇಸಿಗೆಯದು. ದಿನಾ ಮುಂಜಾನೆ ಎಂಟಕ್ಕೆ, ನೀರು ಯಾವ ಗೆರೆಗೆ ನಿಂತಿದೆ ಅಂತ ನೋಡಿ ಸರ್ಕಾರಿ ರಿಜಿಸ್ಟರಿನಲ್ಲಿ ಬರೆಯಬೇಕು. ಮಗಳು ಸಾಯಿರಾಳ ನಿಕಾಹದ ದಿನವೂ ಈತ ಹೊಸ ಪೈಜಾಮ ಮೊಣಕಾಲತನಕ ಮಡಚಿ ನೀರಿಗೆ ಇಳಿದಿದ್ದರು. ಬೀಗರು ದಂಡೆಯ ಮೇಲೆ ನಿಂತು ನಕ್ಕರಂತೆ.

ನದಿ ಮಾತ್ರ ಮೊದಲಿನಂತೆ ಉಳಿಯಲಿಲ್ಲ. ನಾಲ್ಕು ತಿಂಗಳು ಜಿಟಿಜಿಟಿ ಹಿಡಿಯುತ್ತಿದ್ದ ಮಳೆಯನ್ನು ನೆಲ ಕುಡಿದಿಟ್ಟುಕೊಂಡು ಬೇಸಿಗೆಯಲ್ಲಿ ನದಿಗೆ ವಾಪಸು ಬಿಡುತ್ತಿತ್ತು. ಈಗ ತಿಂಗಳ ಮಳೆ ಎರಡೇ ದಿನ ಸುರಿದು, ದಂಡೆ ಕೊಚ್ಚಿಕೊಂಡು ಭೀಮಾ ಸೇರಿಬಿಡುತ್ತದೆ. ಅಷ್ಟಿಷ್ಟು ನೀರು ಹಿಡಿದಿಡುವ ಮರಳನ್ನು ನಾವು ಟ್ರ್ಯಾಕ್ಟರಿಗೆ ಹೇರಿದೆವು. ಮರಳು ಹೋದಂತೆ ನದಿಯ ತಳ ಇಳಿಯಿತು, ತಳದ ಜತೆ ನೀರೂ ಇಳಿಯಿತು. ‘ನಾವು’ ಅಂತಲೇ ಬರೆಯುತ್ತೇನೆ. ನನ್ನ ಮನೆಯ ಸ್ಲ್ಯಾಬಿಗೂ ಇದೇ ಮರಳು ಬಿದ್ದಿದೆ.

ಹನ್ನೆರಡು ವರ್ಷದ ಹಿಂದಿನ ಮೇ ತಿಂಗಳು. ನೀರು ಪಟ್ಟಿಯ ಕೆಳತುದಿಗಿಂತ ಎರಡು ಬೆರಳು ಕೆಳಗೆ ನಿಂತಿತ್ತು. ಲಾಲ್ ಅಹ್ಮದ್ ಕಂಡದ್ದನ್ನೇ ಬರೆದರು: ‘ನೀರು ಪಟ್ಟಿಗೆ ಮುಟ್ಟಿಲ್ಲ.’

ರಿಜಿಸ್ಟರ್ ನೋಡಲು ಬಂದ ಇಲಾಖೆಯ ಮೇಲಿನವನು ಕೆಕ್ಕರಿಸಿದ. “ಏನಪಾ, ಕಾಲಂನಾಗ ಕಥಿ ಬರಿಯಾಕತ್ತೀಯೇನು? ಅಂಕಿ ಬರಿ, ಅಂಕಿ! ಹಿಂಗ ಬರದ್ರ ನೀ ನದಿಗಿ ಹೋಗೇ ಇಲ್ಲಂತ ತಿಳೀತಾರ.”

ಆ ಕೊನೆಯ ಮಾತು ನಾಟಿತು. ಒಂದು ದಿನವೂ ತಪ್ಪಿಸದವನು ಹೋಗೇ ಇಲ್ಲ ಅನ್ನಿಸಿಕೊಳ್ಳುವುದೇ? ಈತನ ಅಪ್ಪ ಶಹಾಬಾದಿನ ಖಣಿಯಲ್ಲಿ ಕಲ್ಲು ಒಡೆದವರು. ಕಲ್ಲಿಗೆ ತೂತು ಹೊಡೆಯುವುದು ಮಗನಿಗೂ ಬರುತ್ತಿತ್ತು. ಮರುದಿನ ಚಾಣ, ಸುತ್ತಿಗೆ, ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಹೋಗಿ, ಕಂಬಕ್ಕೆ ಒಂದೂವರೆ ಗೇಣು ಕೆಳಗೆ ಹೊಸ ತೂತು ಹೊಡೆದು ಪಟ್ಟಿಯನ್ನು ನೀರಿಗೆ ಇಳಿಸಿದರು. ಇಪ್ಪತ್ತಾರು ಸೆಂಟಿಮೀಟರ್ ಅಂತ ಬರೆದರು. ಮೇಲಿನವನು ಖುಷಿಯಾದ.

“ನೀರು ಎಲ್ಲಿ ಅದನೋ ಅಲ್ಲಿ ಪಟ್ಟಿ ಇರಬೇಕಲ್ರಿ,” ಅಂದರು ನನ್ನೆದುರು. “ನನ್ನ ಕೈಯಾಗ ನದಿ ಸೊನ್ನಿ ಆಗಬಾರದು ಅನಿಸ್ತು,” ಅಂದರು.

ಹೀಗೆ ಐದು ಸಲ. ಅಷ್ಟು ವರ್ಷದಲ್ಲಿ ಮೇಲಿನವರು ಒಬ್ಬರೂ ನೀರಿಗೆ ಇಳಿದು ನೋಡಲಿಲ್ಲ. ಅಕ್ಷರ ದುಂಡಗಿತ್ತು, ಸಹಿ ಬೀಳುತ್ತಾ ಹೋಯಿತು.

ಅದೇ ಊರಿನ ಅನಸುಬಾಯಿ ನದಿ ದಂಡೆಯ ಬಾವಿಯ ನೀರಲ್ಲಿ ಬದನೆ, ಮೆಂತ್ಯ ಬೆಳೆದು ಮಾರುವವರು. ಊರಿಗೆ ಕುಡಿಯಲಿಕ್ಕೂ ಅದೇ ಬಾವಿ. ಬಾವಿ ಬತ್ತಿತು. ಮರಳೆತ್ತಲು ಇನ್ನೂ ಐದು ವರ್ಷ ಪರವಾನಗಿ ಕೊಡುತ್ತಾರೆ ಅಂತ ಸುದ್ದಿ ಬಂದಾಗ, ಈ ಹೆಂಗಸು ಮನೆಮನೆ ತಿರುಗಿ ತಕರಾರು ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿದರು. ವಿಚಾರಣೆಗೆ ಬಂದ ಸಾಹೇಬರು ಪಂಚಾಯ್ತಿ ಕಟ್ಟೆಯಲ್ಲಿ ಲಾಲ್ ಅಹ್ಮದರ ರಿಜಿಸ್ಟರ್ ತೆರೆದರು.

“ಹನ್ನೆರಡು ವರ್ಷದ ಹಿಂದ ಇಪ್ಪತ್ತಾರು. ಈ ವರ್ಷ ಇಪ್ಪತ್ನಾಲ್ಕು. ನದಿ ಎಲ್ಲಿ ಇಳಿದದವ್ವಾ?”

“ನಿಮ್ಮ ಕಾಗದದಾಗ ಭಾಳ ಛಲೋ ಹರೀತದ್ರಿ ಸಾಹೇಬ್ರ. ಕೊಡ ತರ್ತೀನಿ, ಅಲ್ಲಿಂದೇ ತುಂಬಿಕೊಡ್ರಿ.”

ಜನ ನಕ್ಕರು. ಸಾಹೇಬರು ನಗಲಿಲ್ಲ. “ಬರದಾತ ನಿಮ್ಮೂರಾವನೇ. ಕೇಳ್ರಿ ಆತನ್ನ.”

“ಅಂಕಿ ನಾನೇ ಬರದೀನ್ರಿ,” ಅಂದರು ಲಾಲ್ ಅಹ್ಮದ್. ಅಷ್ಟೇ ಅಂದರು. ಹದಿನೈದು ದಿನಕ್ಕೆ ಕೊನೆಯ ವಿಚಾರಣೆ ನಿಗದಿಯಾಯಿತು.

ಮನೆಯಲ್ಲಿ ಹೆಂಡತಿ ಹಸೀನಾಬೇಗಂ ಇಟ್ಟ ರೊಟ್ಟಿ ಹಾಗೇ ಉಳಿಯಿತು.

“ಒಂದು ಅಂಕಿನೂ ಮನಿಯಾಗ ಕುಂತು ಬರದಿಲ್ಲ ನಾ,” ಅಂದರು ಗಂಡ.

“ಯಾರಂದ್ರು? ಆದ್ರ ನೀರು ನೋಡಾಕ ಪಾನಾ ಯಾಕ ಒಯ್ತಿದ್ರಿ?” ಅಂದರು ಹೆಂಡತಿ.

ಬಾಯಿ ಬಿಟ್ಟರೆ ಜೀವಮಾನದ ಕೆಲಸ ಕಸ. ಮುಚ್ಚಿಕೊಂಡರೆ ಟ್ರ್ಯಾಕ್ಟರು ಇನ್ನೂ ಐದು ವರ್ಷ. ಹದಿನೈದೂ ದಿನ ಎಂಟು ಗಂಟೆಗೆ ಹೋಗಿ ಅದೇ ಪಟ್ಟಿ ನೋಡಿ ಬರೆದರು.

ಕೊನೆಯ ವಿಚಾರಣೆಯಲ್ಲಿ ಯಾರೂ ಕೇಳುವ ಮೊದಲೇ ಎದ್ದು ನಿಂತರು. “ನದಿ ಇಳೀತು ಸಾಹೇಬ್. ಅದರ ಹಿಂದ ಪಟ್ಟಿನೂ ಇಳಿಸಿದಾವ ನಾನು.”

ಸಾಹೇಬರು ರಿಜಿಸ್ಟರ್ ಮುಚ್ಚಿದರು. “ಅಂದ್ರ ನಿನ್ನ ಪುಸ್ತಕ ರದ್ದಿ ಆತು. ನದಿ ಎಷ್ಟು ಇಳಿದದ ಅನ್ನಾಕೂ ಪುರಾವೆ ಉಳೀಲಿಲ್ಲ.”

“ಪುರಾವೆ ಕಲ್ಲಿನಾಗ ಅದ. ಬರ್ರಿ.”

ಎಲ್ಲರೂ ನದಿಗೆ ಇಳಿದರು. ಕಂಬದ ಮೇಲೆ, ಈಗಿನ ಬೋಲ್ಟಿಗಿಂತ ಮೇಲೆ, ಒಂದರ ಮೇಲೊಂದು ಐದು ಜೋಡಿ ಖಾಲಿ ತೂತು. ಟೇಪು ಹಿಡಿದರು. ಮೊದಲ ತೂತಿನಿಂದ ಈಗಿನದಕ್ಕೆ ಒಂದು ಮೀಟರ್ ನಲವತ್ತಾರು. ಸಾಹೇಬರು ಫೋಟೊ ತೆಗೆದರು, ಪರವಾನಗಿ ತಡೆಹಿಡಿದರು, ಲಾಲ್ ಅಹ್ಮದರಿಗೆ ನೋಟಿಸು ಬರುತ್ತದೆ ಅಂದರು, ಪಟ್ಟಿಯನ್ನು ಮೊದಲಿನ ಜಾಗಕ್ಕೆ ಏರಿಸು ಅಂತ ಹೇಳಿ ಜೀಪು ಹತ್ತಿದರು. ಮರಳೆತ್ತುವುದು ಬಂದ್ ಆಯಿತು ಅಂತ ತಿಳಿಯಬೇಡಿ. ತಡೆದಿದೆ, ಅಷ್ಟೆ.

ಅನಸುಬಾಯಿ ಅಲ್ಲೇ ನಿಂತಿದ್ದರು. “ನಡುವಿನ ತೂತು ಹೊಡದ ವರ್ಷ ನಮ್ಮ ಬಾವ್ಯಾಗ ಇನ್ನೂ ನೀರಿತ್ತು, ಲಾಲಭಾಯಿ.”

“ಹೌದು ತಂಗಿ.”

“ಆಗೇ ಹೇಳಿದ್ರ ಬಾವಿ ಉಳೀತಿತ್ತಲ್ಲ?”



ಮರುದಿನ ಪಟ್ಟಿ ಏರಿಸಲು ಏಣಿ ಬೇಕಾಯಿತು. ಅನಸುಬಾಯಿ ತಮ್ಮ ಮನೆಯದನ್ನು ಹೊತ್ತು ತಂದು ಕಂಬಕ್ಕೆ ಆನಿಸಿದರು. ಹಿಡಿದು ನಿಲ್ಲಲಿಲ್ಲ. ಅರವತ್ತು ದಾಟಿದ ಮನುಷ್ಯ ಒಬ್ಬರೇ ಹತ್ತಿ, ಮೊದಲ ತೂತಿಗೆ ಬೋಲ್ಟ್ ಬಿಗಿದು ಇಳಿದರು. ಪಟ್ಟಿಯ ತುದಿ ಅವರ ಎದೆಮಟ್ಟಕ್ಕೆ ತೂಗುತ್ತಿತ್ತು, ನೀರು ಪಾದದ ಹತ್ತಿರ. ಎಂಟು ಗಂಟೆಯಾಗಿತ್ತು. ದಂಡೆಯಲ್ಲಿ ಕೂತು ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು, ಅಂಕಿಯ ಕಾಲಂನಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ ಬರೆದರು: ‘ನೀರು ಪಟ್ಟಿಗೆ ಮುಟ್ಟಿಲ್ಲ.’